ಅವ್ವನ ಬೆಲ್ಟು ಒಲೆಗೆ ಹೋಗುವುದಿಲ್ಲ

ಚಿಮ್ಮಡ
೯-೨-೨೦೨೫, ರವಿವಾರ

ಕುರಿಗಳ ನಡುವೆ ಕುಳಿತು ಇದನ್ನು ಕೇಳುತ್ತಿರುವ ನನ್ನ ಅಪ್ಪ ರೇವಪ್ಪನವರಿಗೆ ಹಿರೇಮಗ ಶಶಿಕಾಂತನ ಶರಣು.

ಕುರಿ ಕ್ಷೇಮವೇ, ಮರಿ ಕ್ಷೇಮವೇ, ಹೆಗಲ ಮೇಲಿನ ಕರಿ ಕಂಬಳಿ ಕ್ಷೇಮವೇ? ಮದುವೆ ಕಾರ್ಡಿಗೆ ಪ್ರಾಸ ಹೊಂದಿಸಿ ಹೊಟ್ಟೆ ಹೊರೆಯುವ ಕೈ, ಅಪ್ಪನ ಪತ್ರದಲ್ಲೂ ಚಟ ಬಿಡುವುದಿಲ್ಲ. ಕೆಮ್ಮು ಕಡಿಮೆಯಾಯಿತೇ? ಮಿರಜ ಸೀಮೆಯ ಚಳಿಗೆ ಕಿವಿ ಕಟ್ಟಿಕೊಳ್ಳುತ್ತೀರಿ ತಾನೇ? ನೆರೆಮನೆಯ ಸಿದ್ದಾರೂಢನ ಕೈಯಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕುರಿಗಳ ಜಂತಿನ ಔಷಧ ಮತ್ತು ಈ ಪತ್ರ ಕಳಿಸಿದ್ದೇನೆ. ಓದುವವನು ತಮ್ಮ ಸಂಜು. ಸಂಜು, ಒಂದು ಸಾಲನ್ನೂ ಹಾರಿಸಬೇಡ, ದನಿ ಇಳಿಸಲೂ ಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೆಲ್ಟ್ ಎಂಬ ಮಾತು ಬಂದ ಕೂಡಲೇ ನೀವು ಫೋನು ಕಟ್ ಮಾಡುತ್ತೀರಿ, ಮೂರು ಸಲ ಆಯಿತು. ಕಾಗದಕ್ಕೆ ಆ ಕೆಂಪು ಗುಂಡಿ ಇಲ್ಲ. ಮನೆಯಲ್ಲಿ ‘ನೀ’ ಎನ್ನುವವನು ಇಲ್ಲಿ ‘ನೀವು’ ಎನ್ನುತ್ತಿರುವುದಕ್ಕೆ ನಗಬೇಡಿ. ನಾಲ್ಕು ಜನರ ಮುಂದೆ ಓದುವ ಕಾಗದ. ಮೇಲಾಗಿ ಕುರಿ ಮಾರಿ ಓದಿಸಿದ ಬಿ.ಎ.ಗೆ ಇಷ್ಟಾದರೂ ಮರ್ಯಾದೆ ಬೇಡವೇ?

ಈಗ ವಿಷಯ. ಹೋದ ವಾರ ಸಿದ್ದಾರೂಢನ ಕೂಡ ನೀವು ಹೇಳಿಕಳಿಸಿದ್ದು ಮುಟ್ಟಿತು. ಅವನು ಅದನ್ನು ನಮ್ಮ ಕಟ್ಟೆಯ ಮೇಲೆ ನಿಂತು, ನಿಮ್ಮದೇ ದನಿಯಲ್ಲಿ ಒಪ್ಪಿಸಿದ. “ಮುದುಕಿ ಈ ವಯಸ್ಸಿನ್ಯಾಗ ಭಾರ ಎತ್ತತಾಳಂತ. ಆ ಬೆಲ್ಟ್ ಒಲಿಗೆ ಹಾಕ್ರಿ. ನಾ ಬರೂದ್ರಾಗ ಎಲ್ಲಾ ಬಂದ್ ಆಗಿರಬೇಕು.” ಅಪ್ಪಾ, ಬಂದ್ ಆಗುವುದಿಲ್ಲ. ಇದು ಅವ್ವನ ಮಾತಲ್ಲ, ನನ್ನದು. ಅವ್ವ ಅಂದದ್ದನ್ನು ಬರೆದರೆ ಸಂಜು ನಿಮ್ಮ ಮುಂದೆ ಓದಲಾರ. ಎರಡು ಕೊಡ ನೀರು, ಬಗಲಲ್ಲಿ ನಾನು, ತಲೆಯ ಮೇಲೆ ಬುತ್ತಿ ಹೊತ್ತು ಆಕೆ ನಿಮ್ಮ ಹಿಂಡಿನ ಹಿಂದೆ ಊರೂರು ನಡೆದಾಗ ಯಾರೂ ವಯಸ್ಸು ಕೇಳಲಿಲ್ಲ, ಬೆನ್ನೂ ಕೇಳಲಿಲ್ಲ. ಆಗ ಅದು ಸಂಸಾರ. ಈಗ ಅರವತ್ತೆರಡಕ್ಕೆ ಕಬ್ಬಿಣದ ಕೋಲಿಗೆ ತೂಕ ಸಿಕ್ಕಿಸಿ ಎತ್ತಿದರೆ ಹುಚ್ಚು. ಈ ಲೆಕ್ಕ ಬಿ.ಎ. ಓದಿದ ನನಗೂ ಬಿಡಿಸಲು ಬರಲಿಲ್ಲ.

ಶ್ರಾವಣದಲ್ಲಿ ಅವ್ವ ನನ್ನ ಮಗಳು ಪೂನಮ್ ಜೊತೆ ಬನಹಟ್ಟಿಯ ಗರಡಿಗೆ, ಆ ತಾಲೀಮಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಮೊಣಕಾಲಿಗೆ ಛಲೋ ಅಂತ ಎಂದಳು, ನೀವೂ ಹೂಂ ಎಂದಿರಿ. ಮೊದಲ ತಿಂಗಳು ಅಲ್ಲಿ ಕಲಿಸುವ ಶಿವಾಜಿ ವಸ್ತಾದರು ಬರೀ ಖಾಲಿ ಕೋಲು ಕೊಟ್ಟರು. ಅವ್ವ ಇಳಕಲ್ ಸೀರೆಗೆ ಕಚ್ಚೆ ಹಾಕಿ ಎತ್ತಿದಳು, ಇಳಿಸಿದಳು, “ಇದಕ್ಕಿಂತ ನಮ್ಮ ಒನಕಿ ಭಾರ ಐತಲೋ ಯಪ್ಪಾ” ಎಂದಳು. ದಸರೆಗೆ ಮೂವತ್ತು ಕಿಲೋ, ದೀಪಾವಳಿಗೆ ನಲವತ್ತು. ಅಲ್ಲಿಗೆ ವಸ್ತಾದರು, ಇನ್ನು ಭಾರ ಏರುವುದಾದರೆ ಬೆಲ್ಟ್ ಬೇಕು ಎಂದರು. ಅವ್ವ ಐವತ್ತು ಬೇಕು ಎಂದಳು. ಯಾಕೆ ಐವತ್ತು ಎಂದರೆ ಹೇಳಲಿಲ್ಲ.

ನೀವು ಒಲೆಗೆ ಹಾಕೆನ್ನುವ ಬೆಲ್ಟು ಸುಮ್ಮನೆ ಬಂದದ್ದಲ್ಲ. ಮೊದಲು ನಾನು ಜಾಣತನ ಮಾಡಿ ಜಮಖಂಡಿಯ ಔಷಧ ಅಂಗಡಿಯಿಂದ ನಡುನೋವಿನ ಬೆಲ್ಟು ತಂದೆ. ಮೆತ್ತಗೆ, ಒಳಗೆ ಪ್ಲಾಸ್ಟಿಕ್ ಕಡ್ಡಿ. ಅದನ್ನು ಕಟ್ಟಿಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ “ಎಷ್ಟ ದಿನದ್ದು ಬೆಡ್ ರೆಸ್ಟ್, ಮಾಯವ್ವ?” ಎಂದು ಕೇಳಿದರು. ಅದೇ ದಿನ ಬಿಚ್ಚಿ ನನ್ನ ಮೇಜಿನ ಮೇಲೆ ಒಗೆದಳು. ಆಮೇಲೆ ಪೂನಮ್ ಮೊಬೈಲಿನಲ್ಲಿ ತರಿಸಿದ್ದು ನೈಲಾನಿನದು, ಅಂಟುಪಟ್ಟಿಯದು. ನಲವತ್ತೈದು ಕಿಲೋ ಎತ್ತುವಾಗ ಅರ್ಧ ದಾರಿಯಲ್ಲಿ ಚರ್ರೆಂದು ಬಿಚ್ಚಿಕೊಂಡಿತು. ಮೂರನೆಯದು ಬೆನ್ನಿಗೆ ಮೊರದಷ್ಟು ಅಗಲ, ಹೊಟ್ಟೆಗೆ ಬಂದರೆ ನಾಲಗೆಯಷ್ಟು ಸಣ್ಣ, ಮೇಲೆ ಬೆಳ್ಳಿ ಬಣ್ಣದ ಸಿಂಹ. ತಾಲೀಮಿನ ಹುಡುಗರೆಲ್ಲ ಅದನ್ನೇ ಪ್ಯಾಂಟು ಕಟ್ಟುವ ಜಾಗಕ್ಕೆ ಕಟ್ಟಿಕೊಂಡು, ಹೊಟ್ಟೆ ಒಳಗೆಳೆದು, ಫೋಟೋ ತೆಗೆಸಿಕೊಳ್ಳುತ್ತಾರೆ. ಅವ್ವ ನೋಡಿ ನಕ್ಕಳು. “ನಾಕು ಹಡದೇನಿ ನಾ. ಬಾಣಂತಿ ನಡಾ ಎಲ್ಲಿ ಕಟ್ಟಬೇಕಂತ ನನಗ ಹೇಳಿಕೊಡಬ್ಯಾಡ್ರಿ. ಉಸುರು ತುಂಬೂದು ಹೊಟ್ಟ್ಯಾಗ. ಅಲ್ಲೇ ಪಟ್ಟಿ ಸಣ್ಣ ಆದ್ರ ಉಸುರು ಯಾವುದಕ್ಕ ಒತ್ತಬೇಕು, ಸಿಂಹಕ್ಕೇನು?” ಶಿವಾಜಿ ವಸ್ತಾದರು ಎದ್ದು ನಿಂತುಬಿಟ್ಟರು. ಇಪ್ಪತ್ತು ವರ್ಷದಿಂದ ತಾನು ಹೇಳುತ್ತಿರುವುದೂ ಇದೇ, ಬೆಲ್ಟು ಬೆನ್ನು ಹಿಡಿಯುವುದಿಲ್ಲ, ಹೊಟ್ಟೆ ಒತ್ತಲು ಗೋಡೆ ಕೊಡುತ್ತದೆ, ಸುತ್ತಲೂ ಒಂದೇ ಅಗಲ ಇರಬೇಕು, ಒಬ್ಬನೂ ಕೇಳಲಿಲ್ಲ ಎಂದರು.

ಕೊನೆಗೆ ಮುಧೋಳಕ್ಕೆ ಹೋದೆವು. ಎತ್ತಿನ ಕೊರಳಿಗೆ ಗೆಜ್ಜೆಪಟ್ಟಿ, ಬೇಟೆನಾಯಿಗೆ ಕುತ್ತಿಗೆಪಟ್ಟಿ ಹೊಲಿಯುವ ಗಿರಿಮಲ್ಲಪ್ಪನ ಅಂಗಡಿ. ಅವನು ಮೊದಲು ನಾಲ್ಕಿಂಚಿನ ಚರ್ಮ ತೆಗೆದ. ಕಟ್ಟಿ ನೋಡಿದರೆ ಮೇಲೆ ಪಕ್ಕೆಲುಬಿಗೆ ಚುಚ್ಚಿತು, ಕೆಳಗೆ ಸೊಂಟದೆಲುಬಿಗೆ ಬಡಿಯಿತು. ಅವ್ವನ ಆ ಎರಡರ ನಡುವಿನ ಜಾಗ ನಾಲ್ಕು ಬೆರಳು. ಮೂರಿಂಚು ಸಾಕೆಂದು ಕತ್ತರಿಸಿ, ಎರಡು ಪದರ ಅಂಟಿಸಿ, ಅಂಚಿಗೆ ಹೊಲಿಗೆ ಹಾಕಿ, ಒಂದೇ ಮುಳ್ಳಿನ ಬಕಲು ಕೂಡಿಸಿದ. ನಡುವಿನ ಅಳತೆಯನ್ನು ಹೊಕ್ಕುಳ ಮೇಲೆ, ಉಸಿರು ತುಂಬಿಸಿಯೇ ಹಿಡಿಸಿದಳು. ಎಲ್ಲ ಸರಿಯಾಗಿತ್ತು, ತೂತು ಹೊಡೆಯುವಾಗ ಜಗಳ. ಐದು ತೂತು ಆದ ಮೇಲೆ, ಗೇಣು ದೂರ ಬಿಟ್ಟು ಆರನೆಯದು ಹೊಡಿ ಎಂದಳು. “ಅಲ್ಲಿ ಯಾಕಬೇ? ನೀ ಅಷ್ಟ ದಪ್ಪ ಆಗಾಕಿ ಏನು?” ಎಂದ ಗಿರಿಮಲ್ಲಪ್ಪ. “ಹೊಡಿ ಅಂದ್ರ ಹೊಡಿ. ಎತ್ತಿಗಿ ಕೇಳಿ ಹೊಡಿತೀ ಏನು?” ಎಂದಳು. ಹೊಡೆದ.

ಹೋದ ಮಂಗಳವಾರ ಐವತ್ತು ಎದ್ದಿತು. ಹಣೆಗೆ ಹಚ್ಚಿದ ಭಂಡಾರದ ಅರಿಶಿನ ಬೆವರಿಗೆ ಇಳಿದಿತ್ತು. ಕೋಲು ಇಳಿಸಿ, ಬೆಲ್ಟು ಬಿಚ್ಚಿ, “ಆತು” ಎಂದಳು. ನಾನು ಅಲ್ಲೇ ಒಂದು ಪ್ರಾಸ ಕಟ್ಟಿದೆ, ಸಂಜು, ಜೋರಾಗಿ ಓದು:
ಬಕಲು ಚೆಂದ, ಚರ್ಮ ಮಂದ,
ಕಟ್ಟಿದಾಕಿ ನಿಮಗಿಂತ ಮುಂದ.
ಸಿಟ್ಟು ಬಂದರೆ ಬರಲಿ. ಬೆಲ್ಟು ಒಲೆಗೆ ಹೋಗುವುದಿಲ್ಲ. ಗೂಟಕ್ಕೆ, ನಿಮ್ಮ ರುಮಾಲಿನ ಪಕ್ಕದಲ್ಲೇ ತೂಗುತ್ತಿದೆ.

ಹಿಂಡಿನ ಜೊತೆಗಿರುವ ಹಿರಿಯರಿಗೆಲ್ಲ ನನ್ನ ಶರಣು, ನಾಯಿಗಳಿಗೆ ಪೂನಮ್‌ಳ ನೆನಪು. ಬೀರಪ್ಪ ನಿಮ್ಮೆಲ್ಲರನ್ನೂ, ನಿಮ್ಮ ಹಟವೊಂದನ್ನು ಬಿಟ್ಟು, ಕಾಯಲಿ.

ನಿಮ್ಮ ಮಾತು ಕೇಳದ ಮಗ,
ಶಶಿಕಾಂತ

ಮರೆತಿದ್ದೆ. ಸಂಜು, ಇಲ್ಲಿಗೆ ನಿಲ್ಲಿಸಿ ಹಾಳೆಯನ್ನು ಅಪ್ಪನ ಕೈಗೆ ಕೊಡು. ಇನ್ನು ಮುಂದಿನದು ದಪ್ಪ ಅಕ್ಷರ, ಅಪ್ಪ ಶಾಲೆಯಲ್ಲಿ ಕಲಿತ ಮೂರನೇ ಇಯತ್ತೆಯ ಓದಿಗೂ ಸಾಕು.

ಅಪ್ಪಾ, ಹೋದ ವರ್ಷ ತಗರನ್ನು ಟೆಂಪೋಗೆ ಏರಿಸುವಾಗ ನಿನ್ನ ನಡು ಹಿಡಿದದ್ದು ನಮಗೆ ಗೊತ್ತು. ಸಂಜು ಹೇಳಿಲ್ಲ, ಅವನನ್ನು ಬೈಯಬೇಡ. ಮಳೆಗಾಲಕ್ಕೆ ಮನೆಗೆ ಬಂದಾಗ ನೀನು ಮರಿಯನ್ನು ಎತ್ತಿಕೊಳ್ಳಲಿಲ್ಲ, ಕೆಳಗೆ ಕುಳಿತು ಮಡಿಲಿಗೆ ಕರೆದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಮರುವಾರವೇ ತಾಲೀಮಿಗೆ ಹೋದಳು. ನಮ್ಮ ಹಿರೇ ತಗರು ಐವತ್ತು ಕಿಲೋ ತೂಗುತ್ತದೆ. ಗುರುವಾರದ ಬಸ್ಸಿಗೆ ಆಕೆ ಮಿರಜಕ್ಕೆ ಬರುತ್ತಾಳೆ. ಇನ್ನು ಈ ಹಂಗಾಮು ಮುಗಿಯುವವರೆಗೆ ಏರಿಸುವುದು, ಇಳಿಸುವುದು ಆಕೆಯ ಕೆಲಸ. ಬರಬೇಡ ಎನ್ನಲು ಫೋನು ಮಾಡಬೇಡ, ಕಟ್ ಮಾಡುವುದನ್ನು ನಾವೂ ಕಲಿತಿದ್ದೇವೆ. ಶುಕ್ರವಾರ ನಿನ್ನನ್ನು ಡಾಕ್ಟರಿಗೆ ತೋರಿಸುತ್ತಾಳೆ. ಅವರು ಹೂಂ ಎಂದ ಮೇಲೆ ನಿನಗೂ ಮೊದಲು ಖಾಲಿ ಕೋಲು, ಅದೂ ಆಕೆ ಹೇಳಿದಂತೆ. ಆ ಆರನೆಯ ತೂತಿನ ಅಳತೆಯನ್ನು ಅವ್ವ ನಿನ್ನ ಹಳೆಯ ಅಂಗಿಯಿಂದ ಹಿಡಿದಿದ್ದಳು.