ಲಿಂಗಸುಗೂರಿನ ಉಡಿ

೨೮ ನವೆಂಬರ್ ೧೯೫೩, ಶನಿವಾರ. ಸಂಜೆ

ಎಂಟನೇ ಜಮಾತಿನ ಹುಡುಗರ ಕನ್ನಡ ಪೇಪರು ತಿದ್ದಿ ಮುಗಿಸಿದೆ. ಪ್ರಾಸಕ್ಕೆ ಉದಾಹರಣೆ ಕೊಡಿ ಎಂದರೆ ಒಬ್ಬ ‘ಮಾಸ್ತರ — ದುಸ್ತರ’ ಎಂದು ಬರೆದಿದ್ದಾನೆ. ಪೂರ್ತಿ ಅಂಕ ಕೊಟ್ಟೆ.

ನಾಳೆ ಲಿಂಗಸುಗೂರಿಗೆ, ಬೀಗರ ಊರಿಗೆ. ಪಂಚಮಿಗೆ ತವರಿಗೆ ಬಂದ ಮಗಳು ಅಂಬವ್ವ ಇನ್ನೂ ಇಲ್ಲೇ ಸಿಂಧನೂರಿನಲ್ಲಿ. ಹಬ್ಬ ಮುಗಿದ ಮೇಲೆ ಮಗಳನ್ನು ಕರೆದೊಯ್ಯಲು ಗಂಡನ ಮನೆಯವರು ಬರಬೇಕು. ಬರಲಿಲ್ಲ. ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ — ಓಣಿಯ ಹೆಂಗಸರಿಗೆ ಅಷ್ಟು ಸಾಕು.

ನಾವಾಗಿ ಬಿಟ್ಟು ಬಂದರೆ ಮರ್ಯಾದೆ ಹೋಗುತ್ತದೆ. ಅದಕ್ಕೆ ನನ್ನ ಧಾರವಾಡದ ಬಿ.ಎ. ಬುದ್ಧಿ: ಸಂಸಾರ ಸಮೇತ ಸುಮ್ಮನೆ ತಿರುಗಾಡಲು ಹೊರಟವರಂತೆ ಹೋಗುವುದು. ಬೀಗರ ಮನೆಯಲ್ಲಿ ಉಣ್ಣುವುದು. ಸಂಜೆ ನಾವಿಬ್ಬರೇ ಎದ್ದು ಬರುವುದು, ಅಂಬವ್ವ ಅಲ್ಲೇ ಉಳಿಯುವುದು. ಯಾರೂ ಕೇಳಿದಂತಿಲ್ಲ, ಯಾರೂ ಕೊಟ್ಟಂತಿಲ್ಲ.

“ಬಯಲಾಟ ಆಡಬ್ಯಾಡ್ರಿ. ಬಾಯಿಬಿಟ್ಟು ಕೇಳ್ರಿ,” ಎಂದಳು ಶೇಖರಮ್ಮ.

ಹೆಂಡತಿಯ ಮಾತು ಕೇಳಿದರೆ ಬಿ.ಎ. ಯಾಕೆ ಬೇಕಿತ್ತು...

೨೯, ಭಾನುವಾರ. ಮಸ್ಕಿ, ಬೆಳಿಗ್ಗೆ

ಬಸ್ಸು ನಿಂತಿದೆ. ಡ್ರೈವರ್ ಖಾದರಬಾಷಾ: “ಗಾಡಿಗೂ ನೀರಡಿಕಿ ಆಗೇತ್ರಿ ಮಾಸ್ತರ. ನೀವು ಆರಾಮ ಉಣ್ರಿ.”

ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಗುಡ್ಡದ ಕಡೆ ಕೈ ತೋರಿಸಿ ಅಶೋಕನ ಶಾಸನದ ಪಾಠ ಶುರು ಮಾಡಿದೆ. ಬಿಡದ ಚಟ.

“ಏನು ಬರಸ್ಯಾನ ಯಪ್ಪಾ ನಿನ್ನ ಅಶೋಕ?” — ಅಂಬವ್ವ.

“ಧರ್ಮದಿಂದ ನಡದ್ರ ಸಣ್ಣಾವನೂ ದೊಡ್ಡಾವನಾಗತಾನ ಅಂತ.”

“ಅತ್ತಿ-ಸೊಸಿ ಸುದ್ದಿ?”

“ಅಷ್ಟು ದೊಡ್ಡ ಕಲ್ಲು ಸಿಗಲಿಲ್ಲವ್ವ ಅವಗ.”

ನಕ್ಕಳು. ಎಷ್ಟು ದಿನದ ಮೇಲೆ! ಶೇಖರಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕಟಿರೊಟ್ಟಿ, ಚಟ್ನಿ ಖಾರ
ಇಳಿಯಿತಷ್ಟು ಎದೆಯ ಭಾರ.

ಹಾರ್ನ್ ಹೊಡೆಯುತ್ತಿದ್ದಾನೆ.

೩೦, ಸೋಮವಾರ

ಹೋದದ್ದು ಮೂವರು. ಬಂದದ್ದೂ ಮೂವರು.

ಉಪಚಾರಕ್ಕೆ ಕೊರತೆಯಿರಲಿಲ್ಲ. ಹೋಳಿಗೆ, ತುಪ್ಪ. ಬೀಗರು ಅಮರಗುಂಡಪ್ಪ ಊಟದುದ್ದಕ್ಕೂ ಕಾಲುವೆಯ ಸುದ್ದಿ ಹೇಳಿದರು — “ನೀರು ಬಂತಂದ್ರ ನಿಮ್ಮ ಸಿಂಧನೂರು ಹಿಡಿಯೋರಿಲ್ಲ ಬಿಡ್ರಿ.” ಅಳಿಯ ಜವಳಿ ಅಂಗಡಿಯಿಂದ ಬಂದ, ಉಂಡ, ಹೋದ. ಅಂಬವ್ವ ಬಡಿಸಿದಳು. ಬಡಿಸುವ ಕೈ ನೋಡಿದ, ಮುಖ ನೋಡಲಿಲ್ಲ.

ಇಳಿಹೊತ್ತಿಗೆ ಎದ್ದೆವು. ಬೀಗಿತಿ ಕಸ್ತೂರೆಮ್ಮ ಮೊರ ತಂದರು — ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ಶೇಖರಮ್ಮನ ಉಡಿ ತುಂಬಿದರು. ಆಮೇಲೆ ತಿರುಗಿ, “ಬಾರವ್ವ, ನೀನೂ.”

ಅಂಬವ್ವ ಏಳಲಿಲ್ಲ. ನನ್ನ ಮುಖ ನೋಡಿದಳು. ಶೇಖರಮ್ಮನೂ ನನ್ನನ್ನೇ ನೋಡಿದಳು. ಪಡಸಾಲೆಯಲ್ಲಿ ನೆರೆಯ ನಾಲ್ಕು ಮಂದಿ ಕೂತಿದ್ದರು. ಹುಡುಗಿ ನಾಚುತ್ತಾಳೆ ಅಂದುಕೊಂಡೆ. ಸೊಸೆಯ ಮೇಲೆ ಎಷ್ಟು ಪ್ರೀತಿ ಎಂದು ಮೆಚ್ಚಿಕೊಂಡೆ ಕೂಡ.

“ತುಂಬಿಸ್ಕೊಳ್ಳವ್ವ,” ಅಂದೆ. “ಹಿರೇರು ಕೊಟ್ಟದ್ದು ಬ್ಯಾಡ ಅನಬಾರದು.”

ಸೆರಗು ಒಡ್ಡಿದಳು.

ನಾವು ಅಂಗಳಕ್ಕಿಳಿದರೆ ಹಿಂದೆಯೇ ಅಂಬವ್ವ, ಚಪ್ಪಲಿ ಮೆಟ್ಟಿಕೊಂಡು. “ನೀ ಯಾಕ ಬಂದಿ?” ಎಂದೆ. ಉಡಿಯ ಗಂಟು ಬಿಗಿ ಮಾಡಿಕೊಂಡಳು. ಹಿಂದೆ ಬಾಗಿಲು ಮುಚ್ಚಿತು. ರಸ್ತೆಯಲ್ಲಿ ಶೇಖರಮ್ಮ ಹೇಳಿದಳು, ದನಿ ಏರಿಸದೆ:

“ಉಡಿ ತುಂಬೋದು ಮನಿ ಬಿಟ್ಟು ಹೊಂಟೋರಿಗೆ. ಇರೋ ಸೊಸಿಗೆ ಯಾರು ತುಂಬತಾರ್ರಿ? ಹೊರಗ ಹಾಕಿದ್ರು. ನೀವು ಹೂಂ ಅಂದ್ರಿ.”

“ನೀನರೆ ಬ್ಯಾಡ ಅನಬೇಕಿಲ್ಲ?”

“ತುಂಬಾಕ ತಂದ ಉಡಿ ಹೆಂಗಸರು ಒಲ್ಲೆ ಅನ್ನಂಗಿಲ್ಲ. ‘ಆಕಿ ಇಲ್ಲೇ ಇರಾಕ ಬಂದಾಳ್ರಿ’ — ಹೆಣ್ಣಿನಪ್ಪ ಇಷ್ಟು ಅಂದಿದ್ರ ಮುಗೀತಿತ್ತು.”

ಮಸ್ಕಿಯಲ್ಲಿ ಬಸ್ಸು ಮತ್ತೆ ನಿಂತಿತು. ಯಾರೂ ಇಳಿಯಲಿಲ್ಲ.

೧೭ ಡಿಸೆಂಬರ್

ಓಣಿಯ ಹಿರಿಯರು ಕರಿಬಸಯ್ಯ ನಮ್ಮ ಪರವಾಗಿ ಹೋಗಿ ಬಂದರು. ಬೀಗರ ಉತ್ತರ: “ನಾವೇನು ದೂಡೀವೇನು? ಉಡಿ ತುಂಬಿ ಮರ್ಯಾದಿಲೆ ಕಳಿಸೀವಿ. ತುಂಬಿಸ್ಕೊ ಅಂತ ಹೆಣ್ಣಿನಪ್ಪನ ಅಂದಾನ. ನಾಕು ಮಂದಿ ಕೇಳ್ಯಾರ.”

ಕರಿಬಸಯ್ಯ ನೀರು ಕುಡಿದು ಅಂದರು, “ಬಾಯಿಲೇ ಸೋಡಚೀಟಿ ಬರಕೊಟ್ಟಂಗ, ಮದಿವಿ ಮುರಿದಂಗ ಆತಲ್ಲ ಮಾಸ್ತರ.”

ಅಂಬವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿರಬೇಕು.

೨೧ ಫೆಬ್ರವರಿ ೧೯೫೪, ಭಾನುವಾರ. ಬೆಳಿಗ್ಗೆ

ಲಿಂಗಸುಗೂರಿನ ಶಿವಶರಣಪ್ಪ ಎಂಬುವವರು ನಮ್ಮ ಕಟ್ಟೆಯ ಮೇಲೆ ಕೂತಿದ್ದಾರೆ. ಬೀಗರು ಕಳಿಸಿದ ದೊಡ್ಡ ಮನುಷ್ಯರು. ಅಳಿಯನಿಗೆ ಎರಡನೇ ಹೆಣ್ಣು ಗೊತ್ತಾಗಿದೆಯಂತೆ. ಮೊದಲನೆಯವಳ ಕಡೆಯ ಒಪ್ಪಿಗೆಯಿಲ್ಲದೆ ಹೊಸ ಬೀಗರು ವೀಳ್ಯ ಹಿಡಿಯುವುದಿಲ್ಲವಂತೆ.

“ಹೆಚ್ಚೇನಿಲ್ರಿ ಮಾಸ್ತರ. ಒಂದು ಹೂಂ ಅಂದುಬಿಡ್ರಿ, ಸಾಕು.”

ನನ್ನ ಹೂಂಗೆ ಆ ಊರಲ್ಲಿ ಒಳ್ಳೆಯ ಹೆಸರಿದೆ.

ಚಹಾ ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹೋಗಿ ಏನು ಹೇಳಲಿ? ಅಂಬವ್ವ ಎದುರಿಗೆ ಬಂದು ಕೂತಳು.

“ಯಪ್ಪಾ, ನೀ ಬಾಯಿ ಬಿಡಬ್ಯಾಡ. ಹೂಂನೂ ಬ್ಯಾಡ, ಊಹೂಂನೂ ಬ್ಯಾಡ.”

“ಮತ್ತ?”

“ಅವ್ರು ಮದಿವಿ ಮಾಡ್ಕೊಳ್ಳಿ, ಬಿಡ್ಲಿ. ಆ ಮನಿ ನನಗೂ ಸಾಕಾಗೇತಿ. ಆದ್ರ ಒಪ್ಪಿಗಿ ನಮ್ಮ ಮನ್ಯಾಗಿಂದ ಹೋಗಬಾರದು. ಅದನ್ನ ಅವ್ರಿಗೆ ನಾನ ಹೇಳತೀನಿ.”

ಎದ್ದು ಹೋದಳು. ಶೇಖರಮ್ಮ ಬಾಗಿಲ ಸಂದಿಗೆ ನಿಂತಿದ್ದಾಳೆ, ತಡೆಯಲಿಲ್ಲ. ಅಂಬವ್ವನ ದನಿ ಮೆಲ್ಲಗೆ ಕೇಳಿಸುತ್ತಿದೆ, ಒಂದೊಂದೇ ಮಾತು. ನಡುವೆ ಶಿವಶರಣಪ್ಪ ಗಟ್ಟಿಯಾಗಿ, “ಗಂಡಸರ ಮಾತಿದು, ನಿಮ್ಮಪ್ಪನ್ನ ಕರೀವಾ!” ಎಂದರು. ನಾನು ಪೆನ್ನು ಕೆಳಗಿಡಲಿಲ್ಲ. ಅಂಬವ್ವ ಅನ್ನುತ್ತಿದ್ದಾಳೆ: “ನಮ್ಮಪ್ಪ ಬರಂಗಿಲ್ರಿ, ಒಪ್ಪಿಗಿನೂ ಬರಂಗಿಲ್ಲ.”