ಅರಿಶಿನದ ಬಾವುಟ

ಭದ್ರಾವತಿ
೧೬ ನವೆಂಬರ್ ೨೦೨೫

ಭಸುಮ ದೇಶದ ನೌಕಾಪಡೆಯ ಮಹಾದಂಡನಾಯಕಿ ಭವಾನಿಗೆ,

ನಿನ್ನ ಉಪದಂಡನಾಯಕಿ ಸುಮನಾಳ ಸಲಾಮು. ನಗಬೇಡ. ಇಪ್ಪತ್ತಾರು ವರ್ಷವಾದ ಮೇಲೆ ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ. ನೀನು ಶಿವಮೊಗ್ಗದ ರಾಗಿಗುಡ್ಡಕ್ಕೆ ಬಂದು ನಾಲ್ಕು ವರ್ಷವಾಯಿತೆಂದು ನಮ್ಮ ಕ್ಲಾಸಿನ ರಕ್ಷಾ ಹೇಳಿದಳು. ಫೋನ್ ನಂಬರೂ ಕೊಟ್ಟಳು, ಒತ್ತಲು ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಹೆಚ್ಚೆಂದರೆ ಮುಕ್ಕಾಲು ಗಂಟೆಯ ದಾರಿ. ಅಷ್ಟು ಹತ್ತಿರ ನೀನಿದ್ದೆ, ನಾನಿಲ್ಲಿ ನಿನ್ನನ್ನು ನೆನೆದು ಕೊರಗುತ್ತಿದ್ದೆ.

ಭವಾನಿಯ ಭ, ಸುಮನಾಳ ಸುಮ ಸೇರಿಸಿ ದೇಶ ಕಟ್ಟಿದ್ದು ನೆನಪಿದೆಯಾ? ಕಾರ್ಖಾನೆ ಕ್ವಾರ್ಟರ್ಸಿನ ಎರಡು ಸಾಲುಗಳ ನಡುವಿನ ಮೈದಾನ ನಮ್ಮ ಸಮುದ್ರ. ನಿಮ್ಮ ಮನೆ ಒಂದು ಹಡಗು, ನಮ್ಮದು ಇನ್ನೊಂದು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಾವುಟ. ನೀಲಿ ಹಾರಿದರೆ ಅಪ್ಪ ಮನೆಯಲ್ಲಿದ್ದಾರೆ, ಈಗ ಬರಬೇಡ. ಚೌಕಳಿ ಟವೆಲ್ ಹಾರಿದರೆ ತಿಂಡಿ ಇದೆ. ಹಳದಿಯೆಂದರೆ ಬಂದರು ತೆರೆದಿದೆ, ಬಾ. ಕೆಂಪೆಂದರೆ ಹತ್ತಿರ ಸುಳಿಯಬೇಡ. ಒಮ್ಮೆ ನಿನ್ನಜ್ಜಿ ಶಂಕರಮ್ಮ ನೀಲಿ ಲಂಗ ಒಣಹಾಕಿದ್ದಕ್ಕೆ ನಾನು ಇಡೀ ಭಾನುವಾರ ಮನೆಯೊಳಗೇ ಕೂತಿದ್ದೆ.

ನಿಮ್ಮಪ್ಪ ಸ್ವಯಂನಿವೃತ್ತಿ ತೆಗೆದುಕೊಂಡು ಹಾಸನಕ್ಕೆ ಹೊರಟ ಸುದ್ದಿಯನ್ನು ನೀನು ನನಗೆ ಹೇಳಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಎಂಟು ದಿನ ಟೂ ಬಿಟ್ಟೆ. ನೀವು ಹೊರಡುವ ಹಿಂದಿನ ಸಂಜೆ ಮನಸ್ಸು ತಡೆಯಲಿಲ್ಲ. ಹಳದಿ ಬಟ್ಟೆ ಎಲ್ಲೂ ಸಿಗದೆ ಅಪ್ಪನ ಹಳೆಯ ಪಂಚೆಯ ಚೂರನ್ನು ಅರಿಶಿನದಲ್ಲಿ ಅದ್ದಿ ಹಗ್ಗಕ್ಕೆ ಕಟ್ಟಿದೆ.

ಬೆಳಿಗ್ಗೆ ನಾನು ಅಂಗಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಿಮ್ಮ ಲಾರಿ ಹೋಗಿತ್ತು. ಬಾವುಟ ಹಳದಿಯಾಗಿಯೇ ಇತ್ತು. ಕರೆದರೂ ಬರಲಿಲ್ಲವೆಂದು ನಿನ್ನನ್ನು ಎಷ್ಟು ಬೈದುಕೊಂಡೆನೋ, ಎಷ್ಟು ಅತ್ತೆನೋ.

ಹೋದ ವಾರ ಅಕ್ಕನ ಮಗಳ ಅರಿಶಿನ ಶಾಸ್ತ್ರಕ್ಕೆ ಉಟ್ಟಿದ್ದ ಸೀರೆಗೆ ಸೋಪು ಹಚ್ಚಿದೆ. ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಗಾಬರಿಯಾಗಿ ಅಮ್ಮನನ್ನು ಕರೆದರೆ, "ಅಯ್ಯೋ ಮಾರಾಯ್ತಿ, ಅರಿಶಿನಕ್ಕೆ ಸೋಪು ತಾಗಿದ್ರೆ ಕೆಂಪಾಗ್ದೆ ಇನ್ನೇನಾಗುತ್ತೆ?" ಎಂದಳು. ಆ ಬೆಳಿಗ್ಗೆ ಯಾವುದೋ ಕೊಳೆ ಬಟ್ಟೆಯೆಂದು ಬಾವುಟವನ್ನು ಬಾರ್ ಸೋಪಿನಲ್ಲಿ ಉಜ್ಜಿದ್ದಳಂತೆ. ಅಷ್ಟರಲ್ಲಿ ನಲ್ಲಿ ನಿಂತು, ಜಾಲಾಡದೆ ಹಾಗೇ ಹರವಿದಳಂತೆ. ನೀರು ಬಂದ ಮೇಲೆ ಜಾಲಾಡಿದಾಗ ಮತ್ತೆ ಹಳದಿ. ಅದು ಕೆಂಪಾಗಿದ್ದ ಆ ನಡುವೆ ನೀನು ನಿಮ್ಮ ಗೇಟಿನ ಹತ್ತಿರ ನಿಂತು ನಮ್ಮ ಹಗ್ಗವನ್ನೇ ನೋಡುತ್ತಿದ್ದೆಯಂತೆ.

ನಾನು ಕರೆದದ್ದು ನಿಜ, ಭವಾನಿ. ಬೇಡವೆಂದದ್ದು ಸೋಪು. ನಿನ್ನಂಥ ಗೆಳತಿ ನನಗೆ ಮತ್ತೆ ಸಿಗಲಿಲ್ಲ. ಒಂದು ಸಲ ಬಂದು ಹೋಗು.

ನಿನ್ನ ದಾರಿ ಕಾಯುವ,
ಸುಮನಾ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ನಾನು ಅಂಗಡಿಗೆ ಹೋಗಿರಲಿಲ್ಲ. ಅಮ್ಮನಿಗೆ ಆ ದಿನದ್ದೇನೂ ನೆನಪಿಲ್ಲ. ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದವಳು ನಾನೇ. ಅಮ್ಮ ಸೋಪು ಉಜ್ಜಿ ಬಾವುಟ ಕೆಂಪಾದದ್ದನ್ನು ನೋಡಿದೆ, ಅದನ್ನು ಕಂಡು ನೀನು ಕಣ್ಣೊರೆಸಿಕೊಂಡದ್ದನ್ನೂ ನೋಡಿದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹೇಳದೆ ಹೊರಟವಳು ಅವಳೇ ತಾನೇ, ಅಳಲಿ ಅಂದುಕೊಂಡೆ. ಇದನ್ನು ಓದಿದ ಮೇಲೂ ಮನಸ್ಸಿದ್ದರೆ ಬಾ.