ಅಪ್ಪನ ಒಂದೇ ಮಾತು

ವಿನ್ಸೆಸ್, ಎಕ್ವಡೋರ್
ಅಕ್ಟೋಬರ್ 27, 2004, ಬುಧವಾರ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಸ್ಪೇನಿನ ಅಜ್ಜಿಯನ್ನು ಹಾಸಿಗೆಯಿಂದ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲಾ ಪೆಟ್ಟಿಗೆಯಲ್ಲಿಟ್ಟು ನನಗೆ ಸುಳ್ಳು ಹೇಳುತ್ತೀಯೋ? ಮುರ್ಸಿಯಾದಲ್ಲಿ ಈಗ ಚಳಿ ಶುರುವಾಗಿರಬೇಕು. ನಾನು ಚೆನ್ನಾಗಿದ್ದೇನೆ, ಬರೆಯಲು ನಾಚಿಕೆಯಾಗುವಷ್ಟು ಚೆನ್ನಾಗಿದ್ದೇನೆ! ಬೈರೊನ್ ದಿನಾ ನನಗಿಂತ ಮೊದಲೇ ಎದ್ದು ಬಾಳೆಕಾಯಿ ಬೇಯಿಸಿ, ಜಜ್ಜಿ, ಚೀಸ್ ಹಾಕಿ ಉಂಡೆ ಕಟ್ಟುತ್ತಾನೆ. ಮದುವೆಯಾಗಿ ಆರು ವಾರವಾಯಿತು, ಅವನ ಒಂದು ಉಂಡೆಯೂ ಒಡೆಯದೆ ತಟ್ಟೆಗೆ ಬಂದದ್ದಿಲ್ಲ. ನಕ್ಕು ನಕ್ಕು ತಿನ್ನುತ್ತೇವೆ. ಆಮೇಲೆ ನಾನು ಎದ್ದು ಮತ್ತೆ ಕಪ್ಪು ಬಟ್ಟೆ ಹಾಕಿಕೊಳ್ಳುತ್ತೇನೆ. ಮದುವೆಯಲ್ಲಿ ಒಂದು ಹಾಡಿರಲಿಲ್ಲ, ಕುಣಿತವಿರಲಿಲ್ಲ, ಊಟ ಮುಗಿಸಿ ಎಲ್ಲರೂ ಪಿಸುಮಾತಿನಲ್ಲಿ ಎದ್ದು ಹೋದರು. ಅದಕ್ಕೆ ನನಗೆ ಬೇಸರವಿಲ್ಲ ಅಮ್ಮಾ. ಅಪ್ಪ ಹೋಗಿ ವರ್ಷ ತುಂಬದ ಮನೆ. ಫೆಬ್ರವರಿಯವರೆಗೆ ಹಾಡು, ಟಿವಿ, ಸಿನಿಮಾ ಏನೂ ಕೂಡದೆಂದು ನೀನು ಅಲ್ಲಿಂದಲೇ ಹೇಳಿದೆ. ಟಿವಿಗೆ ನಿನ್ನ ಹಳೆಯ ಮೇಜುಬಟ್ಟೆ ಹೊದಿಸಿದ್ದೇವೆ.

ಆದರೆ ಈಗೊಂದು ಸುದ್ದಿ. ಕೂತುಕೊಂಡು ಓದು. ಸಿನಿಮಾ ಬರುತ್ತಿದೆ! ಹೋದ ವರ್ಷ ಜುಲೈಯಲ್ಲಿ ನಮ್ಮ ಹೊಳೆಯಲ್ಲಿ ತೆಗೆದರಲ್ಲ, ‘ನೀರಿಳಿದ ಮೇಲೆ’, ಅದೇ! ರಾಜಧಾನಿಗಿಂತ ಮೊದಲು ನಮ್ಮೂರಿನಲ್ಲಿ, ನವೆಂಬರ್ 20ರ ಸಂಜೆ, ಚರ್ಚಿನ ಎದುರು ಪರದೆ ಕಟ್ಟಿ ತೋರಿಸುತ್ತಾರೆ. ಹೀರೋ ದಾಮಿಯಾನ್ ಲಾಸ್ಕಾನೊ ಬರುತ್ತಾನಂತೆ, ಹೀರೋಯಿನ್ ಫಿಯೊರೆಲಾ ವಿವಾಂಕೊ ಬರುತ್ತಾಳಂತೆ, ಅವರಿಬ್ಬರೂ ನಿಜವಾಗಿಯೇ ಪ್ರೀತಿಯಲ್ಲಿ ಬಿದ್ದಿದ್ದಾರಂತೆ. ಊರಿಗೆ ಊರೇ ಹುಚ್ಚೆದ್ದಿದೆ. ಕ್ಷೌರದಂಗಡಿಯಲ್ಲಿ ಎಲ್ಲರಿಗೂ ದಾಮಿಯಾನನ ಹಾಗೆ ಕೂದಲು ಬೇಕು. ಬೈರೊನ್ ಕೂಡ ಮಾಡಿಸಿಕೊಂಡು ಬಂದ. ನೆನೆದ ಕೋಳಿಮರಿಯ ಹಾಗೆ ಕಾಣುತ್ತಾನೆ, ಪಾಪ.

ಆ ಮೂರು ವಾರ ಅಪ್ಪನೇ ಅವರಿಬ್ಬರನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದ. ನೀನು ಅಲ್ಲಿ ದುಡಿದು ಓದಿಸಿದ ಇಂಗ್ಲಿಷ್ ಶಾಲೆ ನನಗೂ ಕೆಲಸ ಕೊಡಿಸಿತ್ತು: ಪರದೇಶದ ಕ್ಯಾಮರಾದವನಿಗೆ ಎಲ್ಲರ ಮಾತು ತಿಳಿಸುವುದು. ದಾಮಿಯಾನನಿಗೆ ಹುಟ್ಟು ಹಾಕಲು ಬಾರದೆ ದೋಣಿ ಗಿರಗಿರ ತಿರುಗುತ್ತಿದ್ದಾಗ ಅಪ್ಪ, “ಏನಪ್ಪಾ ಹೀರೋ, ಹುಡುಗಿ ತಲೆ ತಿರುಗಿಸೋದು ಕಣ್ಣಲ್ಲಿ ಕಣಯ್ಯಾ, ದೋಣೀಲಲ್ಲ” ಅಂದುಬಿಟ್ಟ. ನಿರ್ದೇಶಕಿ ಬಿದ್ದು ಬಿದ್ದು ನಕ್ಕು, ಅಂಬಿಗನ ಪಾತ್ರ ಅಪ್ಪನಿಗೇ ಕೊಟ್ಟಳು. ಒಂದೇ ಒಂದು ಮಾತು. ಅದನ್ನು ಕೋಳಿಗಳಿಗೆ ಹೇಳಿದ, ಗಡ್ಡ ಮಾಡುವಾಗ ಕನ್ನಡಿಗೆ ಹೇಳಿದ, ನಿನಗೆ ಮಾತ್ರ ಹೇಳಲಿಲ್ಲ. “ನಿಮ್ಮಮ್ಮಂಗೆ ಬಾಯಿ ಬಿಡ್ಬೇಡ ಕಣೇ. ಐದು ವರ್ಷದಿಂದ ಫೋನಲ್ಲಿ ನನ್ನ ಕೊರೆತ ಕೇಳಿ ಸಾಕಾಗಿದಾಳೆ. ಇದೊಂದನ್ನ ಪರದೆ ಮೇಲೇ ಕೇಳ್ಲಿ” ಅನ್ನುತ್ತಿದ್ದ.

ಒಬ್ದುಲಿಯಾ ಅತ್ತೆಗೆ ಸುದ್ದಿ ತಿಳಿಸಿದೆ. “ನನ್ನಣ್ಣನ ಮಣ್ಣು ಇನ್ನೂ ಆರಿಲ್ಲ, ಇವಳಿಗೆ ಹೀರೋ ನೋಡ್ಬೇಕಂತೆ! ಕಟ್ಕೊಂಡ ಗಂಡ ಸಾಲ್ದೇನೇ?” ಎಂದು ಬಾಗಿಲಲ್ಲೇ ಕೂಗಾಡಿದಳು. ಸಂಜೆ ತಾನಾಗಿಯೇ ಬಂದು, ಕಪ್ಪು ಶಾಲಿನಲ್ಲಿ ಮುಖ ಒರೆಸಿಕೊಂಡು, “ಎಷ್ಟು ಹೊತ್ತು ಕಾಣ್ತಾನಂತೆ ಅಣ್ಣ?” ಎಂದು ಕೇಳಿದಳು. ಆದರೂ ನಿನ್ನ ಮಾತಿಲ್ಲದೆ ಹೊಸಿಲು ದಾಟುವುದಿಲ್ಲವಂತೆ. ಮನೆಯ ಕಪ್ಪು ತೆಗೆಸುವ ಹಕ್ಕು ಗಂಡನನ್ನು ಕಳೆದುಕೊಂಡವಳದು ಮಾತ್ರ. ನಿನ್ನದು ಅಮ್ಮಾ. ಒಂದೇ ಒಂದು ಸಂಜೆ ನಮ್ಮನ್ನು ಬಿಡು. ಮಾರನೆಯ ದಿನ ಮತ್ತೆ ಕಪ್ಪು ಹಾಕಿಕೊಳ್ಳುತ್ತೇವೆ.

ನೀನೂ ಹೋಗಬೇಕು. ಡಿಸೆಂಬರಿನ ಮೊದಲ ಭಾನುವಾರ ಅಲ್ಲಿ ನಮ್ಮ ದೇಶದವರ ಸಂಘದಲ್ಲಿ ತೋರಿಸುತ್ತಾರಂತೆ. ಅಲ್ಲಿ ನೆಲೆಸುವ ಕಾಗದಪತ್ರವಿಲ್ಲದೆ ನಿನಗೆ ಮಣ್ಣಿಗೆ ಬರಲಾಗಲಿಲ್ಲ. ಆ ದಿನ ಅಂಗಡಿಯ ಫೋನನ್ನು ಗೋರಿಯವರೆಗೆ ಎಳೆದು ತರಲು ಆಗಲಿಲ್ಲವೆಂದು ನಾನು ಎಷ್ಟು ಅತ್ತೆ! ಆ ಪರದೆಯಲ್ಲಿ ಅಪ್ಪ ಇನ್ನೂ ಹುಟ್ಟು ಹಾಕುತ್ತಿದ್ದಾನೆ. ಟೋಪಿ ಹಿಂದಕ್ಕೆ ಸರಿಸಿಕೊಂಡಿದ್ದಾನೆ, ನೀನು ಕಳಿಸಿದ ನೀಲಿ ಅಂಗಿ ಹಾಕಿದ್ದಾನೆ.

ಫೋನಿನಲ್ಲಿ ಅತ್ತೆ ಪಕ್ಕದಲ್ಲೇ ನಿಂತಿರುತ್ತಾಳೆ, ಅದಕ್ಕೇ ಈ ಪತ್ರ. ಸ್ಪೇನಿಗೆ ಹೊರಟಿರುವ ಪಕ್ಕದ ಮನೆಯ ತೆರೆಸಿತಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ನಾನೇ ಹುರಿದ ಕೋಕೋ ಇದೆ, ಒಂದಿಷ್ಟು ಸೀದಿದೆ. ಬೈರೊನ್ ತನ್ನ ಕೋಳಿಮರಿ ತಲೆ ಬಾಗಿಸಿ ನಿನ್ನ ಆಶೀರ್ವಾದ ಕೇಳುತ್ತಿದ್ದಾನೆ. ನಿನ್ನ ನೋಯುವ ಮೊಣಕಾಲಿಗೆ ನನ್ನದೊಂದು ಮುತ್ತು.

ನಿನ್ನ ಮಗಳು
ಯಾದಿರಾ

ತಾ.ಕ.: ತೆರೆಸಿತಾಳ ಬಸ್ಸಿಗೆ ಹೊತ್ತಾಯಿತು, ಬಾಗಿಲಲ್ಲೇ ನಿಂತಿದ್ದಾಳೆ. ಅಮ್ಮಾ, ಸಿನಿಮಾದಲ್ಲಿರುವುದು ಅಪ್ಪನ ದನಿಯಲ್ಲ. ಮಾರ್ಚ್‌ನಲ್ಲಿ ಸಿನಿಮಾದವರು ನನಗೆ ಫೋನ್ ಮಾಡಿದ್ದರು. “ಹಿಂದೆ ಮೋಟಾರ್ ದೋಣಿ ಸದ್ದಲ್ಲಿ ಮಾತು ಕೇಳ್ತಿಲ್ಲ, ನಿಮ್ಮ ತಂದೇನ ಗ್ವಾಯಾಕಿಲ್ ಸ್ಟುಡಿಯೋಗೆ ಕರ್ಕೊಂಡು ಬನ್ನಿ, ಐದು ನಿಮಿಷದ ಕೆಲ್ಸ” ಅಂದರು. ಅಪ್ಪ ಹೋಗಿ ಆಗ ಇಪ್ಪತ್ತು ದಿನ. ಬೇರೆ ಯಾರಿಂದಲೋ ಹೇಳಿಸಿದ್ದಾರೆ. ಮೊನ್ನೆ ಬೇಕರಿಯ ಟಿವಿಯಲ್ಲಿ ಜಾಹೀರಾತು ಬಂತು: ತುಟಿ ಅಪ್ಪನದು, ಗಂಟಲು ಯಾರದೋ. ಬೇಕರಿಗೆ ಹೊಸದಾಗಿ ಬಂದಾಕೆ, “ನಿಮ್ಮಪ್ಪಂದು ಎಂಥಾ ದನಿ!” ಅಂದಳು. ನಾನು ಬ್ರೆಡ್ಡು ತೆಗೆದುಕೊಂಡು ಬಂದೆ. ಯಾರಿಗೂ ಹೇಳಿಲ್ಲ, ಬೈರೊನ್‌ಗೂ. ಆ ಮಾತು ಇದು: “ಕೂತ್ಕೊ ಮಗಳೇ, ಹೊಳೆ ಎಲ್ಲೂ ಓಡಿಹೋಗಲ್ಲ.” ‘ಮಗಳೇ’ಯನ್ನು ನನ್ನನ್ನು ಊಟಕ್ಕೆ ಕರೆಯುವ ಹಾಗೆ ಎಳೆಯುತ್ತಿದ್ದ. ‘ಹೊಳೆ’ ಆದಮೇಲೆ ಒಂದು ಸಣ್ಣ ಕೆಮ್ಮು. ಪರದೆಯಲ್ಲಿ ಅಪ್ಪ ಬಾಯಿ ತೆರೆದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಅದನ್ನು ಮನಸ್ಸಿನಲ್ಲಿ ನೀನೇ ಹೇಳಿಕೋ. ನಾನೂ ಇಲ್ಲಿ ಹಾಗೇ ಮಾಡುತ್ತೇನೆ.